ಎರಡು ಔರಾದ, ಒಂದು ಬಾಯಿ

ಅಬ್ದುಲ ವಾಹೀದರಿಗೆ ಅರಳು ಮರಳು ಎಂದು ಬೀದರಿನಲ್ಲಿ ಮೊದಲು ಹೇಳಿದವಳು ನಾನು. ಆಮೇಲೆ ಹತ್ತು ಜನ ಹೇಳಿದರು, ನೂರು ಜನ ನಂಬಿದರು. ಆದರೆ ಶುರು ಮಾಡಿದ್ದು ನಾನೇ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಇಲ್ಲದಿದ್ದರೆ ಮುಂದೆ ಊರವರನ್ನು ಬೈಯುವಾಗ ನಾನೇನೋ ದೊಡ್ಡ ನ್ಯಾಯವಂತೆ ಎಂದು ನಿಮಗೆ ಅನ್ನಿಸೀತು.

ನನ್ನ ಹೆಸರು ಸುಮನ. ಮನೆ ಬೀದರಿನಲ್ಲಿ, ಕೆಲಸ ಔರಾದಿನ ಹೈಸ್ಕೂಲಿನಲ್ಲಿ. ಮಕ್ಕಳಿಗೆ ವಿಜ್ಞಾನ ಕಲಿಸುತ್ತೇನೆ. ಹತ್ತೊಂಬತ್ತು ವರ್ಷದಿಂದ ಬೆಳಿಗ್ಗೆ ಎಂಟು ಗಂಟೆಗೆ ಕ್ರೂಸರ್ ಜೀಪುಗಳ ಸ್ಟ್ಯಾಂಡಿಗೆ ಬರುತ್ತೇನೆ, ಔರಾದಿನ ಗಾಡಿ ಹತ್ತುತ್ತೇನೆ. ಆ ಸ್ಟ್ಯಾಂಡಿನಲ್ಲಿ ಗಾಡಿ ಹೋಗುವ ಊರುಗಳ ಹೆಸರು ಕೂಗುವುದು ವಾಹೀದ್ ಭಾಯಿಯ ಕೆಲಸ. ಈಗ ಅರವತ್ತೊಂದು ವಯಸ್ಸು. ಮೂವತ್ತು ವರ್ಷದಿಂದ ಅದೇ ಬೇವಿನ ಮರದ ಕೆಳಗೆ ನಿಂತು, ಎಡಗೈಯನ್ನು ಕಿವಿಗೆ ಕೊಟ್ಟು ಕೂಗಿದ್ದಾರೆ. ಕೈಯಲ್ಲಿ ಚೀಟಿಯಿಲ್ಲ, ಮೈಕಿಲ್ಲ.

"ಜನವಾಡ, ಕೌಠಾ, ಸಂತಪುರ, ಔರಾದ ಬೀ! ಚಿಂತಾಕಿಯವ್ರು ಇದ್ರಾಗೇ ಬರ್ರೀ!"

ಆಮೇಲೆ ಮುಖ ಈ ಕಡೆ ತಿರುಗಿಸಿ, "ಬಗದಲ್, ಔರಾದ ಎಸ್ಸ್ಸ್!"

ಇದನ್ನು ಹೊರಗಿನವರಿಗೆ ಬಿಡಿಸಿ ಹೇಳಬೇಕು. ನಮ್ಮ ಜಿಲ್ಲೆಯಲ್ಲಿ ಔರಾದ ಎರಡು. ತಾಲ್ಲೂಕಿನ ಊರು ಔರಾದ ಬಿ. ಬಗದಲ್ ಕಡೆಯ ಹಳ್ಳಿ ಔರಾದ ಎಸ್. ಒಂದರ ದಾರಿ ಉತ್ತರಕ್ಕೆ, ಇನ್ನೊಂದರದ್ದು ದಕ್ಷಿಣಕ್ಕೆ. ಸರಕಾರ ಬಾಲಕ್ಕೆ ಅಂಟಿಸಿದ ಒಂದು ಅಕ್ಷರ ಬಿಟ್ಟರೆ ಹೆಸರಿನಲ್ಲಿ ಏನೂ ವ್ಯತ್ಯಾಸವಿಲ್ಲ. ಹೊಸ ನೌಕರಿಗೆ ಬಂದವರು, ಹೆಣ್ಣು ನೋಡಲು ಬಂದವರು, ಎಲ್ಲರೂ ಒಮ್ಮೆಯಾದರೂ ತಪ್ಪು ಔರಾದಿಗೆ ಹೋಗಿ ಬಂದವರೇ. ವಾಹೀದ್ ಭಾಯಿ ಇರುವಾಗ ಮಾತ್ರ ಯಾರೂ ತಪ್ಪುತ್ತಿರಲಿಲ್ಲ. ಅವರ 'ಎಸ್' ಕುಕ್ಕರಿನ ಸೀಟಿಯಂತೆ ಬೀದಿಯ ಆ ತುದಿಗೂ ಕೇಳುತ್ತಿತ್ತು.

ನನ್ನನ್ನು ಅವರು 'ಬಾಯಿ' ಎಂದು ಕರೆಯುತ್ತಿದ್ದರು. ಮರಾಠಿ ಗಡಿಯ ನಮ್ಮ ಕಡೆ ಕಲಿಸುವ ಹೆಂಗಸಿಗೆ ಹಾಗೆ ಅನ್ನುತ್ತಾರೆ. ದಿನಾ ಬೆಳಿಗ್ಗೆ, "ಬಾಯಿ, ನಿಮ್ಮದು ಬಿ!" ಎಂದು ಕಿಟಕಿಯ ಪಕ್ಕದ ಸೀಟು ತೋರಿಸುತ್ತಿದ್ದರು. ಹತ್ತೊಂಬತ್ತು ವರ್ಷ ಅದೇ ದಾರಿ ಹಿಡಿದವಳಿಗೆ ಅದನ್ನು ಹೇಳಬೇಕಾದ್ದೇನೂ ಇರಲಿಲ್ಲ. ತಮಾಷೆಗೆ ಹೇಳುತ್ತಿದ್ದರು, ನಾನೂ ನಗುತ್ತಿದ್ದೆ.

ಹೋದ ವರ್ಷ ಹತ್ತನೇ ತರಗತಿಯ ಪರೀಕ್ಷೆಯ ದಿನ ನಾನು ತಡವಾಗಿ ಬಂದೆ. ದಿನದ ಹೊತ್ತಲ್ಲ, ದಿನದ ಡ್ರೈವರನೂ ಅಲ್ಲ. ಫೋನು ಕಿವಿಯಲ್ಲೇ ಇತ್ತು, ಆ ಕಡೆಯಿಂದ ನಮ್ಮ ಹೆಡ್ ಮಾಸ್ತರು ಕಿರುಚುತ್ತಿದ್ದರು. 'ಔರಾದ' ಎಂದು ಕೂಗಿದ್ದು ಕೇಳಿತು, ಹತ್ತಿ ಕುಳಿತೆ. ಫೋನಿಟ್ಟು ತಲೆ ಎತ್ತಿದರೆ ಗಾಡಿ ಬಗದಲ್ ಸೇರಿತ್ತು. ನಾನು ಪರೀಕ್ಷೆಗೆ ಹೋಗಿ ಮುಟ್ಟುವಾಗ ಮಕ್ಕಳು ಅರ್ಧ ಉತ್ತರ ಬರೆದು ಮುಗಿಸಿದ್ದರು. ನನಗೆ ನೋಟೀಸು ಬಂತು.

ಸಂಜೆ ಸ್ಟ್ಯಾಂಡಿಗೆ ಬಂದವಳೇ ಎಲ್ಲರೆದುರು ಹರಿಹಾಯ್ದೆ.

"ಏನ್ ವಾಹೀದ್ ಭಾಯಿ, ನಿಮ್ಗ ಅರಳು ಮರಳು ಹತ್ತೇದೇನ್ರಿ? ಯಾವ ಔರಾದಂತ ಬಾಯಿಬಿಟ್ಟು ಹೇಳ್ಲಾಕ ಆಗಲ್ಲಾ?"

"ನಾ ಎಸ್ ಅಂದಿದ್ದೆ, ಬಾಯಿ."

"ಯಾರಿಗೂ ಕೇಳಿಲ್ರಿ!"

ಅವರು ಒಮ್ಮೆ ಸುತ್ತ ನೋಡಿದರು. ಡ್ರೈವರುಗಳು ತಮ್ಮ ಗಾಡಿಗಳ ಕಡೆ ಮುಖ ತಿರುಗಿಸಿದರು. ಅವರ ಕೈ ತಾನಾಗಿ ಬಾಯಿಯ ಮುಂದೆ ಹೋಯಿತು. ವಿಜ್ಞಾನ ಕಲಿಸುವ ನನಗೆ ಆ ಕೈ ಯಾಕೆ ಅಲ್ಲಿಗೆ ಹೋಯಿತು ಎಂದು ಕೇಳಬೇಕೆನ್ನಿಸಲಿಲ್ಲ. ಮಾರನೆಯ ದಿನದಿಂದ ಅವರು ನನಗೆ 'ಮೇಡಂ' ಅನ್ನತೊಡಗಿದರು. ನಮ್ಮಲ್ಲಿ ಮೇಡಂ ಎಂದರೆ ಗುರುತಿಲ್ಲದವರಿಗೆ ಹೇಳುವ ಮಾತು.

ನಾನಾಡಿದ ಮಾತಿಗೆ ಕಾಲು ಬಂತು. ಪುರಾವೆಯೂ ಸಿಕ್ಕಿತು. ವಾಹೀದ್ ಭಾಯಿ ಕೆಲವು ಬೆಳಿಗ್ಗೆ ಸಂತಪುರದ ತನಕ ಕೂಗಿ ನಿಂತುಬಿಡುತ್ತಿದ್ದರು. ಒಂದು ದಿನ ಕೌಠಾ ಬಿಟ್ಟರು. ಚಿಂತಾಕಿಯನ್ನಂತೂ ವಾರದಲ್ಲಿ ಮೂರು ಸಲ ಬಿಟ್ಟರು. ಚಿಂತಾಕಿಯ ಹೆಂಗಸರು ಗಂಟುಮೂಟೆ ಹೊತ್ತು ಅವರ ಮುಂದೆಯೇ ನಿಂತಿರುತ್ತಿದ್ದರು.

ಸ್ಟ್ಯಾಂಡಿನ ಸಂಘದ ಕಾರ್ಯದರ್ಶಿ ಖಾಲಿದ. ವಾಹೀದ್ ಭಾಯಿಯ ಅಕ್ಕನ ಮಗ, ಮೂವತ್ತೈದರ ಮನುಷ್ಯ, ಸ್ವಂತ ಎರಡು ಕ್ರೂಸರ್ ಇಟ್ಟವನು. ಅವನು ಒಂದು ಸ್ಪೀಕರ್ ಪೆಟ್ಟಿಗೆ ತಂದು ಬೇವಿನ ಮರಕ್ಕೆ ಕಟ್ಟಿದ. ಗುಂಡಿ ಒತ್ತಿದರೆ ಯಾವುದೋ ಊರಿನ ಹುಡುಗಿಯ ಧ್ವನಿ ಊರುಗಳ ಹೆಸರು ಓದುತ್ತಿತ್ತು.

"ಮಾಮು, ಭಾಳ ವರ್ಷ ದುಡದೀರಿ. ಬೆಂಚಿನ ಮ್ಯಾಲ ಕುಂದರ್ರಿ, ಚಾ ಕುಡೀರಿ. ಮಷಿನ್ ಕೂಗತದ."

"ನಕ್ಕೋ, ಬ್ಯಾಡ," ಎಂದರು ವಾಹೀದ್ ಭಾಯಿ.

ಅವರು ಕೂರಲಿಲ್ಲ. ಪೆಟ್ಟಿಗೆಯ ಪಕ್ಕವೇ ನಿಂತು, ಅದರ ಧ್ವನಿಯ ಮೇಲೆ ತಮ್ಮ ಧ್ವನಿ ಹಾಕಿ ಕೂಗಿದರು. ಮಷಿನ್ ಜನವಾಡ ಎಂದರೆ ಇವರು ಸಂತಪುರ. ಮಷಿನ್ ಬಗದಲ್ ಎಂದರೆ ಇವರು ಭಾಲ್ಕಿ. ಮೂರು ದಿನ ಆ ಜಗಳ ನಡೆಯಿತು, ಪ್ರಯಾಣಿಕರು ತಲೆ ಚಚ್ಚಿಕೊಂಡರು. ಕಡೆಗೆ ಖಾಲಿದ ಒಂದು ಷರತ್ತು ಹಾಕಿದ.

"ಡಾಕ್ಟರ್ ಕಡಿ ದಿಮಾಗ್ ತೋರಿಸ್ಕೊಂಡು ಬರ್ರಿ ಮಾಮು. ಆಮ್ಯಾಗ ಒಂದು ದಿನ ಎಲ್ಲಾರ ಮುಂದ ನಿಂತು, ಒಂದೂ ಊರು ಬಿಡದಂಗ, ಎರಡೂ ಔರಾದ ಬ್ಯಾರಿ ಬ್ಯಾರಿ ಕೇಳೂಹಂಗ ಕೂಗ್ರಿ. ನಾನೇ ಈ ಮಷಿನ್ ಬಿಚ್ಚತೀನಿ. ಆಗಲಿಲ್ಲಾ, ಬೆಂಚು."

ವಾಹೀದ್ ಭಾಯಿ ಅದೇ ದಿನ ಭಾಲ್ಕಿಗೆ, ಮಗಳು ರುಖ್ಸಾರಳ ಮನೆಗೆ ಹೋಗಿಬಿಟ್ಟರು. ಹೆದರಿ ಓಡಿದ ಎಂದು ಸ್ಟ್ಯಾಂಡಿನಲ್ಲಿ ನಕ್ಕರು. ನಾನು ನಗಲಿಲ್ಲ, ಬಾಯಿಮುಚ್ಚಿಸಲೂ ಇಲ್ಲ.

ಎರಡು ವಾರ ಕಳೆದ ಮೇಲೆ ಒಂದು ಭಾನುವಾರ ನನ್ನ ಹಳೆಯ ವಿದ್ಯಾರ್ಥಿನಿ ಮಹಾಮಾಯಾ ಫೋನು ಮಾಡಿದಳು. ಔರಾದಿನ ಹುಡುಗಿ. ಕಾಲೇಜಿಗೆ ಇದೇ ಸ್ಟ್ಯಾಂಡಿನ ಗಾಡಿಯಲ್ಲಿ ಓಡಾಡಿ, ಈಗ ಒಸಡಿನ ರೋಗದ ಡಾಕ್ಟರಾಗಿದ್ದಾಳೆ. ಅವತ್ತು ಭಾಲ್ಕಿಯಲ್ಲಿ ದಂತ ಶಿಬಿರ ಇತ್ತು.

"ಬಾಯಿ, ನಮ್ಮ ವಾಹೀದ್ ಚಾಚಾನ್ನ ಮಗಳು ಕರ್ಕೊಂಡು ಬಂದಾಳ್ರಿ. ಕುರ್ಚಿ ಮ್ಯಾಲ ಕುಂತಾರ, ಬಾಯಿ ಮಾತ್ರ ತೆಗೀಲಾಕ ಒಲ್ಲೆ ಅಂತಾರ. ಜರಾ ಬಂದು ಹೇಳ್ರಿ."

ಹೋದೆ. ರುಖ್ಸಾರ ಹೊರಗೇ ಸಿಕ್ಕಿ ಅಳತೊಡಗಿದಳು. ಅಪ್ಪ ಜೋಳದ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ, ಅಗಿಯದೆ ನುಂಗುತ್ತಾರಂತೆ. ವರ್ಷದಿಂದ ಹಾಗೇ ಇರಬೇಕು. ದಿಂಬಿನ ಬಟ್ಟೆಯಲ್ಲಿ ರಕ್ತದ ಕಲೆ ನೋಡಿ ಅವಳಿಗೆ ಗೊತ್ತಾಯಿತು. "ಎಲ್ಲಾ ಹಲ್ಲು ಕಿತ್ತಿಸಿ ಸೆಟ್ ಹಾಕಸ್ರಿ ಅಂದೀನಿ, ಅಬ್ಬಾ ಮಾತಾಡಲ್ರಿ," ಎಂದಳು.

ಒಳಗೆ ವಾಹೀದ್ ಭಾಯಿ ಕರವಸ್ತ್ರ ಬಾಯಿಗೆ ಹಿಡಿದು ಕೂತಿದ್ದರು. ನನ್ನನ್ನು ನೋಡಿ ಮುಖ ತಿರುಗಿಸಿದರು. ನಾನು ಪಕ್ಕದ ಸ್ಟೂಲಿನ ಮೇಲೆ ಕೂತೆ. ಆಮೇಲೆ ಅವರೇ ಶುರು ಮಾಡಿದರು.

"ಮೇಡಂ, ಹಲ್ಲಿನ ಅಂಜಿಕಿ ನಂಗಿಲ್ಲ. ನಮ್ಮ ಅಮ್ಮಿ ಕುಲಸುಮಬೀ, ಚಿಂತಾಕಿಯಾಕಿ. ಕಡೀಗೆ ಮೂರು ವರ್ಷ ನನ್ನ ಗುರ್ತು ಹಿಡೀಲಿಲ್ಲ. ಸತ್ತು ಹೋದ ಮಾಮುನ ಹೆಸರಿಟ್ಟು ಕರೀತಿದ್ಲು. ಅಕೀ ಎಲ್ಲಾಕ್ಕಿಂತ ಮೊದ್ಲ ಮರ್ತಿದ್ದು ಏನ್ ಗೊತ್ತದೇನ್ರಿ? ತನ್ನ ತವರೂರಿನ ಹೆಸರು. ಈಗ ನಾ ಬಿಡ್ಲಾಕತ್ತಿದ್ದೂ ಅದೇ ಊರು. ಈ ಡಾಕ್ಟರ್ ಬಾಯಾಗ ನೋಡಿ, ರೋಗ ಇಲ್ಲಿಲ್ಲ, ತಲ್ಯಾಗ ಅದ ಅಂದ್ರ ನಾ ಎಲ್ಲಿ ಹೋಗ್ಲಿ?"

ನನಗೆ ನಾಚಿಕೆಯಾಯಿತು. ಅಲ್ಲೇ ಎದ್ದು ಹೋಗಿಬಿಡಬೇಕು ಅನ್ನಿಸುವಷ್ಟು ನಾಚಿಕೆ. ಈ ಮನುಷ್ಯನ ಒಳಗೆ ಇಷ್ಟು ಭಯ ಕೂತಿರುವಾಗ ನಾನು ನಡುಬೀದಿಯಲ್ಲಿ ನಿಂತು ಅರಳು ಮರಳು ಎಂದು ಕೂಗಿದ್ದೆ.

"ನೋಡದೇ ಇದ್ರ ಇನ್ನಾ ಅಂಜಿಕಿ ವಾಹೀದ್ ಭಾಯಿ," ಎಂದೆ. "ತೆಗೀರಿ. ನಾ ಇಲ್ಲೇ ಕುಂತೀನಿ."

ಅವರು ಬಾಯಿ ತೆಗೆದರು. ಮಹಾಮಾಯಾ ಕನ್ನಡಿ ಹಿಡಿದು ನೋಡಿದಳು. ಒಸಡು ಮುಟ್ಟಿದಲ್ಲೆಲ್ಲ ರಕ್ತ ಬರುತ್ತಿತ್ತು. ಒಸಡಿನ ರೋಗ ಹಲ್ಲಿನ ಕೆಳಗಿನ ಎಲುಬನ್ನು ತಿಂದು, ಮೇಲಿನ ಮುಂದಿನ ಹಲ್ಲುಗಳು ಸಡಿಲವಾಗಿ ಮುಂದೆ ಸರಿದಿದ್ದವು. ನಡುವೆ ಸಂದಿ ಬಿದ್ದಿತ್ತು.

"ಚಾಚಾ, ನಿಮ್ಮ ಎಸ್ ಈ ಸಂದ್ಯಾಗಿಂದ ಸೋರಿ ಹೋಗ್ಲಾಕತ್ತದ ನೋಡ್ರಿ," ಎಂದಳು. "ಗಾಳಿ ನಿಲ್ಲಲ್ಲ, ಸೀಟಿ ಹೊಡಿಯಲ್ಲ. ಇದು ದಿಮಾಗಿಂದಲ್ಲ, ಬಾಯಿಂದು."

ವಾಹೀದ್ ಭಾಯಿ ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ.

"ಮತ್ತ ಚಿಂತಾಕಿ?" ಎಂದರು.

ಮಹಾಮಾಯಾ ಆ ಪ್ರಶ್ನೆಯನ್ನು ತೇಲಿಸಿಬಿಡಲಿಲ್ಲ. ಹಲ್ಲಿನ ಬೇರಿನ ಸುತ್ತ ನಾರಿನ ತೆಳು ಪದರ ಇರುತ್ತದೆ, ಕಚ್ಚಿದಾಗ ಎಷ್ಟು ಒತ್ತಿತು, ಎಲ್ಲಿ ಒತ್ತಿತು ಎಂಬ ಸುದ್ದಿ ಅಲ್ಲಿಂದ ಮಿದುಳಿಗೆ ಹೋಗುತ್ತದೆ ಎಂದು ಹೇಳಿದಳು. ಒಸಡು ಕೊಳೆತರೆ ಆ ಪದರವೇ ಹಾಳಾಗುತ್ತದೆ. ಸರಿಯಾಗಿ ಅಗಿಯದಿದ್ದರೆ ಮಿದುಳಿಗೆ ಹೋಗುವ ಸುದ್ದಿಯೂ ಕೆಡಬಹುದು. ಬಾಯಿಯ ಉರಿಯೂತ ರಕ್ತಕ್ಕೂ ಸೇರುತ್ತದೆ. ಇದಕ್ಕೂ ಮರೆವಿಗೂ ಸಂಬಂಧ ಇರಬಹುದು, ಇಲ್ಲದಿರಬಹುದು. ಅವಳ ಆಸ್ಪತ್ರೆಯಲ್ಲಿ ಅದನ್ನೇ ಪರೀಕ್ಷೆ ಮಾಡುತ್ತಿದ್ದರು. ಚಿಕಿತ್ಸೆಗೆ ಮೊದಲೊಮ್ಮೆ, ಮೂರು ತಿಂಗಳ ಮೇಲೊಮ್ಮೆ, ಅಗಿಯುವಾಗ ಮಿದುಳಿನ ಅಲೆ ಹೇಗಿರುತ್ತದೆ ಎಂದು ನೋಡುವುದು.

"ಎಲ್ಲಾ ಹಲ್ಲು ಕೀಳಬೇಕೇನ್ರಿ?" ಎಂದು ರುಖ್ಸಾರ ಕೇಳಿದಳು.

"ಇಪ್ಪತ್ತೆಂಟರಾಗ ಎರಡು ಉಳಿಯಲ್ಲ. ಉಳಿದಿದ್ದಕ್ಕ ದುಡೀಬೇಕು."

"ಹಂಗಾದ್ರ ಇಪ್ಪತ್ತಾರು ಉಳೀತಾವ," ಎಂದರು ವಾಹೀದ್ ಭಾಯಿ. "ನಿಲ್ಲೂವಷ್ಟು ದಿನ ನಿಲ್ಲಲಿ. ಅಲುಗಾಡ್ಲಾಕತ್ತಾವಂತ ಕಿತ್ತು ಬೆಂಚಿನ ಮ್ಯಾಲ ಕುಂದರಸೂದು ಬ್ಯಾಡ."

ಅವರು ಆ ಪರೀಕ್ಷೆಗೂ ಒಪ್ಪಿದರು, ಮಹಾಮಾಯಾಳ ಆಸ್ಪತ್ರೆಗೆ ಹೋದಾಗಲೆಲ್ಲ ನಾನೂ ಜೊತೆಗಿದ್ದೆ. ಅಲ್ಲಿಂದ ಮೂರು ತಿಂಗಳು ಅವರು ರೋಗಿಯಾಗಿ ಇರಲಿಲ್ಲ, ಎದುರಾಳಿಯಾಗಿ ಇದ್ದರು. ಮೊದಲ ದಿನ ತಲೆಗೆ ತಂತಿಗಳ ಟೊಪ್ಪಿಗೆ ಹಾಕಿದಾಗ, ತಮ್ಮ ಬಿಳಿ ಟೋಪಿಯನ್ನು ನನ್ನ ಕೈಗೆ ಕೊಟ್ಟು, "ಇದು ಮಸೀದಿಗೆ, ಅದು ಮಷಿನಿಗೆ," ಎಂದರು. ನೆನಪಿನ ಪರೀಕ್ಷೆಗೆ ಮಹಾಮಾಯಾ ಮೂರು ಶಬ್ದ ಹೇಳಿ, ಐದು ನಿಮಿಷ ಬಿಟ್ಟು ಕೇಳಿದಳು. ಎರಡು ಹೇಳಿದರು, ಮೂರನೆಯದು ಬರಲಿಲ್ಲ. ತಕ್ಷಣ ತಿರುಗಿಬಿದ್ದರು.

"ಈಗ ನೀವು ಭಾಲ್ಕಿ ಗಾಡಿಯ ಟೈಮೆಲ್ಲಾ ಹೇಳ್ರಿ ಡಾಕ್ಟರ್. ಬೆಳಗ್ಗಿಂದ ಸಂಜಿ ತನಕ."

"ನಂಗ ಗೊತ್ತಿಲ್ಲ ಚಾಚಾ."

"ಬರ್ಕೋರಿ ಮತ್ತ, ಡಾಕ್ಟರಿಗೂ ಬರಲ್ಲಂತ."

ಸಕ್ಕರೆ ರೋಗವೂ ಇತ್ತು, ಅದಕ್ಕೆ ಗುಳಿಗೆ ಶುರುವಾಯಿತು. ತಂಬಾಕಿನ ಡಬ್ಬಿಗಾಗಿ ದೊಡ್ಡ ಜಗಳವೇ ಆಯಿತು. ಒಸಡು ನೋಯುವಾಗ ಅದನ್ನು ಇಟ್ಟುಕೊಂಡರೆ ಜೋಮು ಹಿಡಿದು ಹಾಯೆನಿಸುತ್ತದೆ ಎಂದು ಇವರ ವಾದ. ಆ ಹಾಯೇ ನಿಮ್ಮ ಒಸಡು ತಿಂದಿದ್ದು ಎಂದು ಅವಳ ವಾದ. ಕಡೆಗೆ ಡಬ್ಬಿಯನ್ನು ಅವಳ ಮೇಜಿನ ಮೇಲೆ ಕುಕ್ಕಿ, "ಪರೀಕ್ಷಾ ಪಾಸಾದ ದಿನ ವಾಪಸ್ ತೊಗೋತೀನಿ," ಎಂದರು. ಇವತ್ತಿಗೂ ಅದು ಅವಳ ಡ್ರಾಯರಿನಲ್ಲೇ ಇದೆ.

ನಾಲ್ಕು ಸಲ ಕೂರಿಸಿ ಒಸಡಿನ ಒಳಗಿನ ಕಲ್ಲು ಕೆರೆದು ತೆಗೆದರು. ಉಳಿಯದ ಎರಡು ಹಲ್ಲು ತೆಗೆದರು. ಸರಿದ ಮುಂದಿನ ಹಲ್ಲುಗಳನ್ನು ಮೆಲ್ಲಗೆ ಜಾಗಕ್ಕೆ ತಂದು, ಹಿಂದಿನಿಂದ ತೆಳು ತಂತಿಯಿಂದ ಒಂದಕ್ಕೊಂದು ಕಟ್ಟಿದರು. ಆಮೇಲೆ ಕಚ್ಚುವುದನ್ನು ಸರಿಮಾಡುವ ದಿನ ಬಂತು. ನಾನು ಪಕ್ಕದಲ್ಲೇ ಇದ್ದೆ. ಮಹಾಮಾಯಾ ನೀಲಿ ಕಾಗದದ ಪಟ್ಟಿಯೊಂದನ್ನು ಹಲ್ಲುಗಳ ನಡುವೆ ಇಟ್ಟು, "ಕಚ್ಚರಿ, ಉಜ್ಜರಿ," ಎಂದಳು. ನೀಲಿ ಎಲ್ಲಿ ಹೆಚ್ಚು ಹತ್ತಿತೋ ಅಲ್ಲಿ ಒಂದಿಷ್ಟೇ ಸವೆಸಿದಳು. ಮತ್ತೆ ಕಾಗದ, ಮತ್ತೆ ಸವೆತ. ಆರನೆಯ ಸಲವೋ ಏಳನೆಯ ಸಲವೋ ಎರಡೂ ಕಡೆಯ ಹಲ್ಲು ಒಟ್ಟಿಗೆ ಕೂಡಿದ ಸದ್ದು ನನಗೂ ಕೇಳಿತು.

ವಾಹೀದ್ ಭಾಯಿ ನಾಲಗೆಯಿಂದ ಹಲ್ಲು ಮುಟ್ಟಿ ನೋಡಿದರು. ಇನ್ನೊಮ್ಮೆ ಕಚ್ಚಿದರು. ಮತ್ತೊಮ್ಮೆ ಕಚ್ಚಿದರು. ಕಣ್ಣು ತುಂಬಿತ್ತು.

"ಕೂಡ್ತು," ಎಂದರು.

ಅಂದಿನಿಂದ ಅವರ ಅಂಗಿಯ ಜೇಬಿನಲ್ಲಿ ಪುಟಾಣಿ, ಹುರಿದ ಕಡಲೆ. ಡಾಕ್ಟರ್ ಹೇಳಿದ್ದು ಎರಡೂ ಕಡೆ ಅಗಿಯುವ ಅಭ್ಯಾಸ ಮಾಡಿಕೊಳ್ಳಿ ಎಂದಷ್ಟೇ. ಇವರು ಅದನ್ನು ವ್ರತ ಮಾಡಿಕೊಂಡರು. ನಾಲ್ಕು ಕಾಳು ಬಲಕ್ಕೆ, ನಾಲ್ಕು ಎಡಕ್ಕೆ.

ಮೂರು ತಿಂಗಳಾದ ಮೇಲೆ ಮತ್ತೆ ತಂತಿಯ ಟೊಪ್ಪಿಗೆ ಹಾಕಿದರು. ಮಹಾಮಾಯಾ ಎರಡೂ ಸಲದ ಗೆರೆಗಳನ್ನು ಪರದೆಯ ಮೇಲೆ ಅಕ್ಕಪಕ್ಕ ಇಟ್ಟಳು.

"ಬದಲಾಗ್ಯದ ಚಾಚಾ. ಅಗೀವಾಗ ಅಲೆಗಳು ಮೊದಲಿನಂಗಿಲ್ಲ, ಜರಾ ಚುರುಕಾಗ್ಯಾವ. ಮೂರು ಶಬ್ದಾನೂ ಹೇಳಿದ್ರಿ. ಆದ್ರ ಇದೆಲ್ಲಾ ಹಲ್ಲಿಂದೇ ಅಂತ ನಾ ಬರ್ದು ಕೊಡಲ್ಲ. ಈಗ ನೋವಿಲ್ಲ, ನಿದ್ದಿ ಹತ್ತತದ, ಸಕ್ರಿ ಇಳಿದದ, ತಂಬಾಕು ಬಿಟ್ಟೀರಿ. ಯಾವುದರಿಂದ ಎಷ್ಟು ಆಯ್ತಂತ ಒಬ್ಬ ಮನುಷ್ಯಾನ್ನ ನೋಡಿ ಹೇಳ್ಲಾಕ ಆಗಲ್ಲ."

"ಅದಿರ್ಲಿ. ಇಂವ ಅಮ್ಮಿ ಹಾದಿ ಹಿಡಿದಿಲ್ಲ ಅಂತ ಬರ್ದು ಕೊಡ್ರಿ. ಖಾಲಿದಗ ತೋರಸ್ತೀನಿ."

ಅವಳು ಪರದೆ ಬಿಟ್ಟು ಅವರ ಕಡೆ ತಿರುಗಿದಳು. ಅವಳಿಗೂ ಕಷ್ಟವಾಗುತ್ತಿತ್ತು.

"ಅದನ್ನೂ ಬರೀಲಾಕ ಆಗಲ್ಲ ಚಾಚಾ. ಇವತ್ತು ಹ್ಯಾಂಗಿದ್ದೀರಿ ಅದಷ್ಟೇ ನಂಗ ಗೊತ್ತು. ಮುಂದಿಂದು ಯಾರಿಗೂ ಗೊತ್ತಿಲ್ಲ."

ನಾನಾಗಿದ್ದರೆ ಅಲ್ಲೇ ಕುಸಿಯುತ್ತಿದ್ದೆ. ವಾಹೀದ್ ಭಾಯಿ ಎದ್ದು, ಕನ್ನಡಿಯಲ್ಲಿ ನೋಡಿ ಬಿಳಿ ಟೋಪಿ ಸರಿಮಾಡಿಕೊಂಡರು.

"ಹಂಗಾದ್ರ ಕಾಗದ ಬ್ಯಾಡ. ಬಾಯಿಲೇ ತೋರಸ್ತೀನಿ."

ಸೋಮವಾರ ಬೆಳಿಗ್ಗೆ ಎಂಟು ಗಂಟೆ. ಹೇಳಿಕಳಿಸಿದವರಿಲ್ಲ, ಆದರೂ ಸ್ಟ್ಯಾಂಡು ತುಂಬಿತ್ತು. ಹೋಗಬೇಕಾದ ಗಾಡಿಗಳು ಹೋಗಲಿಲ್ಲ. ಭಾಲ್ಕಿಯಿಂದ ರುಖ್ಸಾರ ಬಂದಿದ್ದಳು. ಖಾಲಿದ ಸ್ಪೀಕರ್ ಬಂದ್ ಮಾಡಿ, ಬೆರಳನ್ನು ಗುಂಡಿಯ ಮೇಲೆಯೇ ಇಟ್ಟುಕೊಂಡು ನಿಂತ. ಅವನ ಮುಖವೂ ಬೆವೆತಿತ್ತು. ಸೋದರಮಾವ ಸೋಲಲಿ ಎಂದು ಅವನಿಗೂ ಇರಲಿಲ್ಲ ಎಂದು ನನಗೆ ಆಗ ಗೊತ್ತಾಯಿತು.

ವಾಹೀದ್ ಭಾಯಿ ಬೇವಿನ ಮರದ ಕೆಳಗೆ ನಿಂತು ಎಡಗೈ ಕಿವಿಗೆ ಕೊಟ್ಟರು. ಭಾಲ್ಕಿಯ ದಾರಿಯ ಊರುಗಳನ್ನು ಒಂದೇ ಉಸಿರಿಗೆ ಮುಗಿಸಿದರು. ದಕ್ಷಿಣಕ್ಕೆ ತಿರುಗಿದರು.

"ಬಗದಲ್, ಔರಾದ ಎಸ್ಸ್ಸ್ಸ್!"

ಸೀಟಿ ಹೊಡೆಯಿತು. ಬೀದಿಯ ಆ ತುದಿಯ ಹಣ್ಣಿನ ಗಾಡಿಯವನು ತಿರುಗಿ ನೋಡಿದ. ಡ್ರೈವರುಗಳು ಹೋ ಎಂದರು. ವಾಹೀದ್ ಭಾಯಿ ಉತ್ತರಕ್ಕೆ ತಿರುಗಿದರು.

"ಜನವಾಡ, ಕೌಠಾ, ಸಂತಪುರ, ಔರಾದ ಬೀ!"

ನಿಂತರು.

ತುಟಿ ಅಲುಗಿತು, ಮಾತು ಬರಲಿಲ್ಲ. ಅವರ ಮುಂದೆಯೇ ಚಿಂತಾಕಿಯ ಮುದುಕಿಯೊಬ್ಬಳು ಗಂಟು ಕಂಕುಳಲ್ಲಿಟ್ಟು ನಿಂತಿದ್ದಳು. ರುಖ್ಸಾರ ಸೆರಗು ಬಾಯಿಗೆ ಒತ್ತಿಕೊಂಡಳು. ಖಾಲಿದನ ಬೆರಳು ಅಲುಗಿತು. ಆ ಹೆಸರು ನನ್ನ ನಾಲಗೆಯ ತುದಿಗೆ ಬಂದಿತ್ತು. ಹೇಳಿಬಿಡುತ್ತಿದ್ದೆ. ಅವರು ನನ್ನನ್ನೇ ನೋಡಿ ಅಂಗೈ ಎತ್ತಿದರು.

"ಯಾರೂ ಹೇಳಬ್ಯಾಡ್ರಿ!"

ಅಂಗಿಯ ಜೇಬಿಗೆ ಕೈಹಾಕಿ ಪುಟಾಣಿ ತೆಗೆದರು. ನಾಲ್ಕು ಕಾಳು ಬಲಕ್ಕೆ ಹಾಕಿಕೊಂಡು ಅಗಿಯತೊಡಗಿದರು. ಯಾರೋ ಒಬ್ಬ ಕಿಸಕ್ಕನೆ ನಕ್ಕ. ಹಿಂದಿನ ಗಾಡಿಯವನು ಹಾರ್ನ್ ಹೊಡೆದ. ಇವರು ಅವಸರ ಮಾಡಲಿಲ್ಲ. ಬಲಗಡೆಯದು ನುಂಗಿ, ನಾಲ್ಕು ಕಾಳು ಎಡಕ್ಕೆ ಹಾಕಿಕೊಂಡರು. ನೂರು ಜನರನ್ನು ನಿಲ್ಲಿಸಿಕೊಂಡು, ಒಬ್ಬೊಬ್ಬರ ಮುಖ ನೋಡುತ್ತ ಅಗಿದರು. ನಗುತ್ತಿದ್ದವನು ನಗು ನಿಲ್ಲಿಸಿದ. ಅವರು ಕಡೆಯ ಕಾಳು ನುಂಗಿ, ಕರವಸ್ತ್ರದಿಂದ ಬಾಯಿ ಒರೆಸಿದರು. ಕೈ ಮತ್ತೆ ಕಿವಿಗೆ ಹೋಯಿತು.

"ಚಿಂತಾಕೀ! ನಮ್ಮ ಅಮ್ಮಿ ತವರೂರು ಚಿಂತಾಕೀ! ಹತ್ತರೀ!"

ಮುದುಕಿ ಏನೂ ಆಗಿಲ್ಲವೆಂಬಂತೆ ಗಾಡಿ ಹತ್ತಿದಳು. ಖಾಲಿದ ಮರ ಏರಿ ಪೆಟ್ಟಿಗೆಯ ತಂತಿ ಬಿಚ್ಚತೊಡಗಿದ. ಅಗಿದದ್ದಕ್ಕೆ ಆ ಹೆಸರು ಬಂತೋ, ಅಷ್ಟು ಹೊತ್ತು ಕಾದದ್ದಕ್ಕೆ ಬಂತೋ, ಸೋಲಲು ಒಪ್ಪದ ಹಟಕ್ಕೆ ಬಂತೋ, ವಿಜ್ಞಾನ ಕಲಿಸುವ ನನಗೆ ಗೊತ್ತಿಲ್ಲ. ನಾಳೆ ಅದು ಮತ್ತೆ ಹೋಗಬಹುದು. ಹೋದರೆ ಎಲ್ಲರೂ ನಿಂತು ಕಾಯಲಿ, ಆ ಮನುಷ್ಯ ಪುಟಾಣಿ ತಿಂದು ಮುಗಿಸುವ ತನಕ.

ನನ್ನದೊಂದು ಕೆಲಸ ಬಾಕಿಯಿತ್ತು. ಜನ ಚದುರುವ ಮೊದಲೇ ಬೇವಿನ ಮರದ ಕೆಳಗೆ ಹೋಗಿ, ಅವತ್ತು ಬೈದಷ್ಟೇ ಗಟ್ಟಿಯಾಗಿ ಹೇಳಿದೆ.

"ವಾಹೀದ್ ಭಾಯಿ, ಪರೀಕ್ಷಾ ದಿನ ನೀವು ಎಸ್ ಅಂದಿದ್ರಿ. ನಾ ಫೋನಿನ್ಯಾಗ ಇದ್ದೆ. ನಿಮ್ಮ ಹಲ್ಲಿಂದಷ್ಟೇ ಅಲ್ಲ, ನನ್ನ ಕಿವಿದೂ ತಪ್ಪದ. ಅರಳು ಮರಳು ಅಂದಾಕಿ ನಾನು. ಎಲ್ಲಾರ ಮುಂದ ಅಂದಿದ್ದೆ, ಎಲ್ಲಾರ ಮುಂದ ವಾಪಸ್ ತೊಗೋತೀನಿ."

ಅವರು ನನ್ನನ್ನು ಒಂದು ಗಳಿಗೆ ನೋಡಿದರು. ಆಮೇಲೆ ಔರಾದಿನ ಗಾಡಿಯ ಬಾಗಿಲು ತೆಗೆದು, ಕಿಟಕಿಯ ಪಕ್ಕದ ಸೀಟು ತೋರಿಸಿದರು.

"ಹೈಸ್ಕೂಲಿಗೆ ತಡಾ ಆಗ್ತದ, ಹತ್ತರಿ," ಎಂದರು. "ಬಾಯಿ, ನಿಮ್ಮದು ಬಿ!"